ಕಳ್ಳನನ್ನು ಬಿಟ್ಟು ದೂರು ಕೊಟ್ಟವರನ್ನು ಹಿಡಿದ ಮಾಡೆಲ್

ನಮ್ಮ ಸುಳ್ಳುಸುದ್ದಿ ಪತ್ತೆಯ ಎಐ ಮಾಡೆಲ್ ಲೈವ್ ಆದ ಮೂರನೆಯ ದಿನ, ಹಳೆಯ ಪ್ರವಾಹದ ದೃಶ್ಯವನ್ನು ಇಂದಿನದೆಂದು ಹಂಚುತ್ತಿದ್ದ ಕಿರುವಿಡಿಯೊವನ್ನು ಹಾಗೆಯೇ ಬಿಟ್ಟು, ಅದು ಹಳೆಯದೆಂದು ಸಾಕ್ಷಿಸಮೇತ ತೋರಿಸಿದ ಫ್ಯಾಕ್ಟ್‌ಚೆಕ್ ವಿಡಿಯೊವನ್ನು ಕೆಳಗಿಳಿಸಿತು. ಮಾಡರೇಷನ್ ಮುಖ್ಯಸ್ಥರು ಕರೆ ಮಾಡಿ, "ಎರಡನ್ನೂ ಒಮ್ಮೆ ನೀವೇ ನೋಡಿ" ಎಂದಷ್ಟೇ ಹೇಳಿ ಫೋನಿಟ್ಟರು.

ನಾನು ನೋಡಲಿಲ್ಲ. ಅಲುಗಾಡುವ ಸ್ಟಿಕ್ಕರು, ಅಲಂಕಾರದ ಫಾಂಟುಗಳ ಮುಂದೆ, ವಿಡಿಯೊದ ಮೇಲಿನ ಬರಹವನ್ನು ಓದುವ ಓಸಿಆರ್ ತಂತ್ರಾಂಶ ಎಡವುವುದು ನಮಗೆ ಹಳೆಯ ಕಥೆಯಾದ್ದರಿಂದ ಈ ಸಲವೂ ಅದರದೇ ತಪ್ಪೆಂದು ಭಾವಿಸಿ, ನಲವತ್ತು ನಿಮಿಷ ಲಾಗ್ ದಾಖಲೆಗಳನ್ನು ಕೆದಕುತ್ತ ಕುಳಿತೆ. ಅಷ್ಟು ಹೊತ್ತೂ ಸುಳ್ಳು ವಿಡಿಯೊದ ವೀಕ್ಷಣೆ ಏರುತ್ತಲೇ ಇತ್ತು. ಓಸಿಆರ್ ಒಂದಕ್ಷರವನ್ನೂ ತಪ್ಪಾಗಿ ಓದಿರಲಿಲ್ಲ.

ಕೊನೆಗೆ ಎರಡೂ ವಿಡಿಯೊಗಳನ್ನು ತೆರೆದು ಕಾಮೆಂಟುಗಳವರೆಗೆ ಇಳಿದಾಗ ಕಾರಣ ಕಣ್ಣೆದುರಿಗೇ ಇತ್ತು. ಸುಳ್ಳು ವಿಡಿಯೊದ ಕೆಳಗೆ "ಅಯ್ಯೋ ಪಾಪ", "ದೇವರೇ ಕಾಪಾಡು" ಎಂಬ ಮಾತುಗಳಿದ್ದರೆ, ಫ್ಯಾಕ್ಟ್‌ಚೆಕ್‌ನ ಕೆಳಗೆ ಸಾಲುಸಾಲಾಗಿ "ಇದು ಸುಳ್ಳು", "ಹಳೆಯ ವಿಡಿಯೊ" ಎಂದಿತ್ತು. ನಾವು ತರಬೇತಿಗೆ ಬಳಸಿದ ಕಾಮೆಂಟುಗಳನ್ನು ವಿಡಿಯೊಗಳು ಹರಿದಾಡಿ, ಬಣ್ಣ ಬಯಲಾಗಿ, ತಿಂಗಳುಗಳು ಕಳೆದ ಮೇಲೆ ಸಂಗ್ರಹಿಸಿದ್ದೆವು. ಸುಳ್ಳನ್ನು ಗುರುತಿಸುವುದನ್ನು ಮಾಡೆಲ್ ಕಲಿತಿರಲೇ ಇಲ್ಲ, ಜನ ಯಾವುದನ್ನು ಸುಳ್ಳೆಂದು ಬೈದಿದ್ದಾರೆಂಬುದನ್ನಷ್ಟೇ ಕಲಿತಿತ್ತು. ಪರೀಕ್ಷೆಯ ದತ್ತಾಂಶದಲ್ಲೂ ಅದೇ ಹಳೆಯ ಕಾಮೆಂಟುಗಳಿದ್ದುದರಿಂದ ಅಂಕ ಚೆನ್ನಾಗಿಯೇ ಬಂದಿತ್ತು, ನಾನೂ ಹಿಗ್ಗಿದ್ದೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ಫ್ಯಾಕ್ಟ್‌ಚೆಕ್ ವಿಡಿಯೊಗಳನ್ನು ಯಾವ ಗುಂಪಿಗೆ ಸೇರಿಸಬೇಕೆಂದು, ತರಬೇತಿಯ ವಿಡಿಯೊಗಳಿಗೆ ನಿಜ ಅಥವಾ ಸುಳ್ಳು ಎಂದು ಲೇಬಲ್ ಹಾಕುವವರು ಕೇಳಿದಾಗ, ಲೆಕ್ಕ ಗೋಜಲಾಗುತ್ತದೆಂದು ಅವನ್ನೆಲ್ಲ ತೆಗೆಸಿಬಿಟ್ಟಿದ್ದೆ. ಚೀನಾದ ಕಿರುವಿಡಿಯೊ ಆ್ಯಪ್‌ಗಳಾದ ಡೌಯಿನ್ ಮತ್ತು ಕ್ವೈಶೌಗಳಿಂದ ಸಂಗ್ರಹಿಸಿ 2022ರಲ್ಲಿ ಹೊರತಂದ ಫೇಕ್‌ಎಸ್‌ವಿ ದತ್ತಾಂಶದಲ್ಲಿ ಇಂಥ ವಿಡಿಯೊಗಳಿಗೆ ಬೇರೆಯೇ ಗುಂಪಿರುವುದನ್ನು ಓದಿಯೂ ಹೀಗೆ ಮಾಡಿದ್ದೆ.

ಈಗ ಅವಕ್ಕೆ ಮೂರನೆಯ ಲೇಬಲ್ ಇದೆ, ಅಪ್‌ಲೋಡ್ ಆದ ಮೊದಲ ಗಂಟೆಯ ಕಾಮೆಂಟುಗಳನ್ನಷ್ಟೇ ಕೊಡುತ್ತೇವೆ, ಮತ್ತು ಒಂದೇ ಘಟನೆಯ ವಿಡಿಯೊಗಳು ತರಬೇತಿ, ಪರೀಕ್ಷೆ ಎರಡರಲ್ಲೂ ಸೇರದಂತೆ ಘಟನೆವಾರು ವಿಂಗಡಿಸುತ್ತೇವೆ. ಅಂಕ ಗಣನೀಯವಾಗಿ ಕುಸಿದಿದೆ. ಮಾಡೆಲ್ ಹಾಳಾಯಿತೆಂದು ಮ್ಯಾನೇಜ್‌ಮೆಂಟ್ ಪ್ರತಿ ಸೋಮವಾರ ವಿವರಣೆ ಕೇಳುತ್ತದೆ, ನಾನು ಪ್ರತಿ ಸೋಮವಾರ ಅದೇ ಎರಡು ವಿಡಿಯೊಗಳನ್ನು ಕಾಮೆಂಟುಗಳ ಸಮೇತ ತೋರಿಸುತ್ತೇನೆ.