ಹಸಿರು ಹಿಡಿದ ತಂತಿ

ಕುಂಬಳೆಯ ನಮ್ಮ ಗ್ಯಾರೇಜಿಗೆ ನಿನ್ನೆ ಒಂದು ಟ್ಯಾಕ್ಸಿ ಬಂತು. ದೋಷ ಓದುವ ಸ್ಕ್ಯಾನರ್ ಹಾಕಿದರೆ ಪಿ 0562 ಅಂತ ಕೋಡ್, ಅಂದರೆ ವೋಲ್ಟೇಜ್ ಕಡಿಮೆ. ಬೇರೆ ಕಡೆ ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡೂ ಬದಲಾಯಿಸಿ ಆಗಿತ್ತು. ಡ್ರೈವರ್ ಅಣ್ಣ ದುಡಿದು ತಿನ್ನುವ ಮನುಷ್ಯ, ಸುಮ್ನೆ ಅಷ್ಟು ದುಡ್ಡು ಹೋಯಿತಲ್ಲ ಅಂತ ಸಂಕಟ ಆಯಿತು. ಕೋಡ್ ನೋವು ಹೇಳುತ್ತದೆ, ಕಾರಣ ನಾವೇ ಹುಡುಕಬೇಕು.

ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಹಾಕಿ, ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಮುಟ್ಟಿಸಿದೆ. 1.3 ವೋಲ್ಟ್! 0.2ಕ್ಕಿಂತ ಜಾಸ್ತಿ ಇರಬಾರದು. ಅಂದರೆ ಇವೆರಡರ ನಡುವಿನ ದಾರಿಯಲ್ಲೇ ತಡೆ ಇದೆ. ಬ್ಯಾಟರಿಯ ನೆಗೆಟಿವ್ ಅನ್ನು ಎಂಜಿನ್‌ಗೆ ಜೋಡಿಸುವ ಅರ್ಥ್ ತಂತಿ ಬಿಚ್ಚಿದೆ. ತಂತಿ ತುದಿಯ ಲೋಹದ ಲಗ್ಗಿನ ಒಳಗೆ ತಾಮ್ರವೆಲ್ಲ ಹಸಿರು ಪುಡಿ. ಕಡಲಿನ ಉಪ್ಪುಗಾಳಿ ಅಲ್ವಾ.

ಜಾಗ ಉಜ್ಜಿ ಹೊಸ ತಂತಿ ಹಾಕಿದೆ. ಬ್ಯಾಟರಿಯಲ್ಲಿ 14.1 ವೋಲ್ಟ್ ತೋರಿಸಿತು, ಚಾರ್ಜ್ ಸರಿಯಾಗಿ ಆಗುತ್ತಿತ್ತು. ಕೋಡ್ ಅಳಿಸಿ, ಡ್ರೈವರ್ ಅಣ್ಣನನ್ನು ಪಕ್ಕದಲ್ಲಿ ಕೂರಿಸಿ ಮೊಗ್ರಾಲ್‌ವರೆಗೆ ಓಡಿಸಿದೆ. ಅವರು ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಮೀಟರನ್ನೇ ನೋಡುತ್ತಿದ್ದರು. ಎಚ್ಚರಿಕೆಯ ದೀಪ ಉರಿಯಲಿಲ್ಲ.