ಡಬ್ಲ್ಯು124: ಮೂರು ತಿಂಗಳು ಕಾಡಿದ ಒಂದು ಗೇಣು ತಂತಿ

ಶನಿವಾರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿರುವಾಗಲೇ ನೋಡಿಬಿಡಬೇಕೆಂದು, ಬಾನೆಟ್ ಮುಚ್ಚಿ, ಎಸಿ ಹಾಕಿ, ಕಾರನ್ನು ಮನೆಯ ಮುಂದೆ ನಿಂತಲ್ಲೇ 50 ನಿಮಿಷ ಓಡಿಸಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಟ್ಯಾಕೋಮೀಟರ್ ಮುಳ್ಳು 750ರ ಆಸುಪಾಸಿನಿಂದ ಕದಲಲಿಲ್ಲ. ಮೂರು ತಿಂಗಳಿಂದ ಈ ಎಂಜಿನ್ ನಿಂತಲ್ಲಿ 20 ನಿಮಿಷ ದಾಟಿರಲಿಲ್ಲ. ಒಳಗೆ ಹೋಗಿ ಎರಡು ಲೋಟ ನೀರು ಕುಡಿದು ಬಂದೆ. ಆಗಲೂ ಓಡುತ್ತಲೇ ಇತ್ತು.

ಕಾರು 1995ರ ಇ220. ಮರ್ಸಿಡಿಸ್ ಭಾರತದಲ್ಲಿ, ಪುಣೆಯಲ್ಲಿ, ಮೊದಲು ಜೋಡಿಸಿದ್ದು ಈ ಡಬ್ಲ್ಯು124 ಮಾದರಿಯನ್ನೇ. ನನ್ನದು ಎಂ111 ಪೆಟ್ರೋಲ್ ಎಂಜಿನ್, 2199 ಸಿಸಿ, ಕೈ ಗೇರಿನದು. ಬುಷ್, ಬ್ರೇಕ್ ಹೋಸ್, ರೇಡಿಯೇಟರ್ ಎಲ್ಲವೂ ಕಳೆದ ವರ್ಷವೇ ಮುಗಿದವು. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಹೇಳಬೇಕಾದದ್ದು ತಂತಿಯ ಕಥೆ. ತಣ್ಣಗಿರುವಾಗ ಎಂಜಿನ್ ಒಂದೇ ತಿರುವಿಗೆ ಹೊತ್ತಿಕೊಳ್ಳುತ್ತಿತ್ತು. ಸಿಗ್ನಲ್‌ಗಳಲ್ಲಿ ನಿಂತು ನಿಂತು ಬಿಸಿಯೇರಿದ ಮೇಲೆ ಮುಳ್ಳು 500ಕ್ಕೂ 1500ಕ್ಕೂ ನಡುವೆ ಉಯ್ಯಾಲೆಯಾಡಿ, ಕೊನೆಗೆ ಆರಿಹೋಗುತ್ತಿತ್ತು. ಹತ್ತು ನಿಮಿಷ ಬಾನೆಟ್ ತೆರೆದಿಟ್ಟರೆ ಏನೂ ಆಗದಂತೆ ಮತ್ತೆ ಹೊರಡುತ್ತಿತ್ತು. ಈ ಕಾಲದ ಮರ್ಸಿಡಿಸ್ ಇಟ್ಟುಕೊಂಡವರು ಇಷ್ಟು ಓದಿದೊಡನೆ ಹೇಳುತ್ತೀರಿ: ಎಂಜಿನ್ ಹಾರ್ನೆಸ್, ಅಂದರೆ ಎಂಜಿನ್ನಿನ ಭಾಗಗಳನ್ನೂ ಅದರ ಕಂಪ್ಯೂಟರನ್ನೂ ಜೋಡಿಸುವ ತಂತಿಗಳ ಕಟ್ಟು. ಹೌದು, ಅದೇ. ತೊಂಬತ್ತರ ದಶಕದ ಮೊದಲರ್ಧದಲ್ಲಿ ಬಳಸಿದ ಆ ತಂತಿಯ ಹೊದಿಕೆ ಎಂಜಿನ್ನಿನ ಶಾಖಕ್ಕೆ ಒಣಗಿ, ಕರಿದ ಸಂಡಿಗೆಯಂತೆ ಉದುರುತ್ತದೆ. ಇಂಜೆಕ್ಟರ್ ಕನೆಕ್ಟರಿನ ರಬ್ಬರ್ ಟೋಪಿ ಸರಿಸಿ ನೋಡಿದೆ, ತಾಮ್ರ ಬರಿಮೈಯಲ್ಲಿ ನಿಂತಿತ್ತು. ಎರಡು ಬೆತ್ತಲೆ ತಂತಿಗಳು ಒಂದಕ್ಕೊಂದು ತಗುಲಿದರೆ ಎಂಜಿನ್ ನಡೆಸುವ ಕಂಪ್ಯೂಟರನ್ನೇ, ಅಂದರೆ ಇಸಿಯುವನ್ನೇ, ಸುಟ್ಟುಬಿಡಬಲ್ಲವು. ಅಂದಿನಿಂದ ಕಾರು ಕದಲಲಿಲ್ಲ.

ಮೊದಲು ಸುಲಭದ ದಾರಿ ಹಿಡಿದೆ. ನವೀಕರಿಸಿದ ಹಾರ್ನೆಸ್ ಎಂದು ಒಬ್ಬ ಮಾರಾಟಗಾರ ಕಳುಹಿಸಿದ. ಕಪ್ಪು ಟೇಪು ಮಿರಮಿರ ಮಿಂಚುತ್ತಿತ್ತು. ಒಂದು ಕಡೆ ಒಂದಿಂಚು ಬಿಡಿಸಿದೆ. ಒಳಗೆ ಅದೇ ಹಳೆಯ ತಂತಿ, ಅದೇ ಸಂಡಿಗೆ. ಹೊಸದಾಗಿದ್ದದ್ದು ಟೇಪು ಮಾತ್ರ! ಹಣ ವಾಪಸು ಬರಲು ಐದು ವಾರ ಬೇಕಾಯಿತು. ಇದು ಬರಿಯ ದುಡ್ಡಿನ ಮಾತಲ್ಲ. ಅದನ್ನು ನಂಬಿ ಹಾಕಿಸಿಕೊಂಡವರ ಇಸಿಯು ಸುಟ್ಟರೆ ಕೇಳುವವರಾರು? ದಯವಿಟ್ಟು, ಯಾರೇ ಕೊಟ್ಟರೂ ಟೇಪು ಬಿಚ್ಚಿ ನೋಡದೆ ಹಾರ್ನೆಸ್ ಅಳವಡಿಸಬೇಡಿ.

ಆಮೇಲೆ ನಾನೇ ಹೆಣೆಯಲು ಕುಳಿತೆ. ಹಳೆಯದನ್ನು ಪ್ಲೈವುಡ್ ಹಲಗೆಯ ಮೇಲೆ ಹರವಿ, ಪ್ರತಿ ಕವಲಿಗೂ ಮೊಳೆ ಹೊಡೆದು, ಅದರ ಜಾಡಿನಲ್ಲೇ ಹೊಸ ತಂತಿ ಎಳೆದೆ. ಸಾಮಾನ್ಯ ಪಿವಿಸಿ ತಂತಿ ಆ ಶಾಖಕ್ಕೆ ಮೆತ್ತಗಾಗುತ್ತದೆ. ಸಿಲಿಕೋನ್ ಶಾಖ ತಡೆಯುತ್ತದೆ, ಆದರೆ ಚೂಪು ಅಂಚು ತಗುಲಿದರೆ ಸೀಳುತ್ತದೆ. ಟೆಫ್ಲಾನ್ ಬಲು ಗಟ್ಟಿ, ಸುಲಭವಾಗಿ ಬಾಗುವುದಿಲ್ಲ. 125 ಡಿಗ್ರಿ ತಾಳುವ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ ಹೊದಿಕೆಯ ತಂತಿಯೇ ಸರಿಯೆಂದು ಕಂಡಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ತಂದ ಮೊದಲ ಸುರುಳಿ ಕೈಗೆ ತೀರ ಹಗುರ ಅನ್ನಿಸಿತು. ಬ್ಲೇಡಿನಿಂದ ಎಳೆಯನ್ನು ಕೆರೆದೆ: ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ. ಮರುದಿನವೇ ವಾಪಸು ಕೊಟ್ಟು ಬಂದೆ. ಎರಡನೆಯ ಸುರುಳಿ ಎಸ್.ಪಿ. ರಸ್ತೆಯದು. ಅಪ್ಪಟ ತಾಮ್ರ.

ಎಲ್ಲ ತುದಿಗಳನ್ನೂ ಕ್ರಿಂಪ್ ಮಾಡಿದೆ, ಅಂದರೆ ಲೋಹದ ತುದಿಯನ್ನು ತಂತಿಗೆ ಒತ್ತಿ ಬಿಗಿದೆ, ಬೆಸುಗೆ ಹಾಕಲಿಲ್ಲ. ಬೆಸುಗೆಯ ಸೀಸ ಎಳೆಗಳೊಳಗೆ ಹರಿದು ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ತಂತಿ ಎಂಜಿನ್ನಿನ ನಡುಕಕ್ಕೆ ಮುರಿಯುತ್ತದೆ. ಹನ್ನೊಂದು ಸಂಜೆಗಳ ಕೆಲಸ. ಕೊನೆಗೆ ಬಟ್ಟೆಯ ಟೇಪು ಸುತ್ತಿ, ಜೋಡಿಸಿ, ಕೀಲಿ ತಿರುಗಿಸಿದೆ. ಎಂಜಿನ್ ಹೊತ್ತಿಕೊಂಡಿತು. ಹೆಂಡತಿಯನ್ನೂ ಮಗಳನ್ನೂ ಕೂರಿಸಿಕೊಂಡು ಹೊರಟೆ. ಅರ್ಧ ಗಂಟೆಯ ಬಳಿಕ, ಸಿಗ್ನಲಿನಲ್ಲಿ, ಮುಳ್ಳು ಮತ್ತೆ ಉಯ್ಯಾಲೆಯಾಡಿ ಎಂಜಿನ್ ಆರಿತು.

ಆ ರಾತ್ರಿ ಊಟ ಸೇರಲಿಲ್ಲ. ಮುಂದಿನ ಎರಡು ವಾರ ಗಾಳಿ ಅಳೆಯುವ ಸೆನ್ಸರ್, ನೀರಿನ ಉಷ್ಣತೆಯ ಸೆನ್ಸರ್, ವ್ಯಾಕ್ಯೂಮ್ ಕೊಳವೆಗಳು ಎಲ್ಲವನ್ನೂ ಅನುಮಾನಿಸಿದೆ, ಎಲ್ಲವೂ ನಿರಪರಾಧಿಗಳು. ಹೊಸ ಹಾರ್ನೆಸ್ಸಿನ ಪ್ರತಿ ಪಿನ್ನನ್ನೂ ಮೂರು ಸಲ ಅಳೆದೆ. ಕೊನೆಗೆ ಕಣ್ಣಿಗೆ ಬಿದ್ದದ್ದು ಹಾರ್ನೆಸ್ಸಿಗೆ ಸೇರದ ತಂತಿ: ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲೇ ಕುಳಿತು, ಕಾರು ನಿಂತಾಗಿನ ಎಂಜಿನ್ ವೇಗವನ್ನು (ಐಡಲ್) ನಿಯಂತ್ರಿಸುವ ಆಕ್ಚುಯೇಟರ್ ಎಂಬ ಭಾಗದಿಂದ ಹೊರಡುವ ಒಂದು ಗೇಣಿನ ಬಾಲ. ಅದು ಆಕ್ಚುಯೇಟರಿನ ಜೊತೆಗೇ ಬಂದ ತಂತಿ, ಅದೇ ಕಾಲದ್ದು, ಅದೇ ಹೊದಿಕೆ. ತಣ್ಣಗಿದ್ದಾಗ ಮಲ್ಟಿಮೀಟರಿಗೆ ಯಾವ ದೋಷವೂ ಸಿಗಲಿಲ್ಲ. ಮಗಳ ಹೇರ್ ಡ್ರೈಯರ್ ತಂದು ಬಿಸಿ ಮಾಡಿ, ಮೆಲ್ಲಗೆ ಬಾಗಿಸಿದೆ. ಮೀಟರ್ ಕೂಗಿತು. ಪರಸ್ಪರ ಸಂಬಂಧವೇ ಇರಬಾರದ ಎರಡು ತಂತಿಗಳು ಒಳಗೊಳಗೇ ಕೂಡಿಕೊಂಡಿದ್ದವು. ಆ ಕೂಗು ಕೇಳಿ ನಾನೂ ಕೂಗಿದೆ. ಪಕ್ಕದ ಮನೆಯವರು ಕಿಟಕಿ ತೆರೆದರು.

ಥ್ರಾಟಲ್ ಬಾಡಿಯನ್ನು ಹೊರತೆಗೆದು, ಅಂಟಿಸಿದ ಮುಚ್ಚಳವನ್ನು ಬಿಸಿಗಾಳಿಯ ಗನ್ನಿನಿಂದ ಸಡಿಲಿಸಿ, ಅವಸರಪಡದೆ ಎಬ್ಬಿಸಿದೆ. ತಂತಿಗಳು ಒಳಗಿನ ಫಲಕಕ್ಕೆ ಸೇರುವಲ್ಲಿ ಮಾತ್ರ ಬೆಸುಗೆ ಅನಿವಾರ್ಯ. ಹಾಗಾಗಿ ನಡುಕ ಆ ಜಾಗಕ್ಕೆ ತಲುಪದಂತೆ ತಂತಿಯನ್ನು ಅಲ್ಲೇ ಬಿಗಿಯಾಗಿ ಕಟ್ಟಿದೆ. ಇಲ್ಲಿ ಜಾಗ ಕಡಿಮೆ, ಆದ್ದರಿಂದ ಗಟ್ಟಿಯಾದರೂ ತೆಳುವಾದ ಟೆಫ್ಲಾನ್ ತಂತಿಯನ್ನೇ ಹಾಕಿದೆ. ಯಾವ ಬಣ್ಣ ಎಲ್ಲಿಗೆ ಎಂಬುದನ್ನು ಕತ್ತರಿಸುವ ಮೊದಲೇ ಫೋಟೋ ತೆಗೆದು, ಕಾಗದದಲ್ಲೂ ಬರೆದಿಡಿ. ಹಳೆಯ ಬಣ್ಣಗಳು ಮಾಸಿ ಎಲ್ಲವೂ ಕಂದು ಕಾಣುತ್ತವೆ. ಹಾರ್ನೆಸ್ ಬದಲಿಸುವವರು ಇದನ್ನೂ ಅದೇ ದಿನ ಬಿಚ್ಚಿ. ನನ್ನಂತೆ ಎರಡು ವಾರ ಕಾಯಬೇಡಿ.

ನಡುವೆ ಇನ್ನೊಂದು ಆಸೆ ಹುಟ್ಟಿದೆ. ಗೇರ್ ಹಿಡಿಕೆಯ ಚರ್ಮ ಸವೆದಿದೆ. ಚನ್ನಪಟ್ಟಣದ ಕುಶಲಕರ್ಮಿಯೊಬ್ಬರ ಹತ್ತಿರ ಹಾಲೆ ಮರದಲ್ಲಿ ಕಡೆಸಿ, ಅರಗಿನ ಬಣ್ಣ ಹಾಕಿಸಬೇಕು. ಅವರು ಒಂದು ಮಾತು ಕೇಳಿದರು: ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಅರಗು ಮೆತ್ತಗಾದರೆ? ಒಳ್ಳೆಯ ಪ್ರಶ್ನೆ. ಬಣ್ಣ ಹಾಕಿದ ಒಂದು ತುಂಡು ಮರವನ್ನು ಕೊಟ್ಟಿದ್ದಾರೆ. ಅದೀಗ ಡ್ಯಾಶ್‌ಬೋರ್ಡಿನ ಮೇಲೆ ಥರ್ಮಾಮೀಟರಿನ ಪಕ್ಕದಲ್ಲಿ ಕುಳಿತಿದೆ.

ಅದಕ್ಕೂ ಮೊದಲು ವೈಪರ್. ಗಾಜಿನ 86 ಶೇಕಡಾವನ್ನು ಒಂದೇ ತೋಳಿನಿಂದ ಒರೆಸಲು, ಮೂಲೆ ಬಂದಾಗ ತೋಳನ್ನು ಚಾಚಿ ಮತ್ತೆ ಒಳಗೆಳೆದುಕೊಳ್ಳುವ ಆ ಗೇರು ಈ ಕಾರಿನಲ್ಲಿ ನಾನು ಅತಿ ಹೆಚ್ಚು ಪ್ರೀತಿಸುವ ಭಾಗ. ಒಳಗಿನ ಗ್ರೀಸ್ ಒಣಗಿ ಅದೀಗ ನರಳುತ್ತಿದೆ. ಮುಂಗಾರು ಬರುವುದರೊಳಗೆ ಬಿಚ್ಚಬೇಕು. ಗ್ರೀಸ್ ತಂದಿಟ್ಟಿದ್ದೇನೆ, ಮುಂದಿನ ಭಾನುವಾರ ಬೆಳಿಗ್ಗೆಯೇ ಆರಂಭ.