ಸಬ್ಸಿಡಿ ನಂಬಿ ಗೋದಾಮು ಕಟ್ಟಬೇಡಿ, ತೊಗರಿ ನಂಬಿ ಕಟ್ಟಿ

ವಿಜಯಪುರ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಕೃಷಿ ಸಾಲ ನೋಡಿಕೊಳ್ಳುವುದು ನನ್ನ ಕೆಲಸ. ಬೆಳೆ ಸಾಲ, ಟ್ರ್ಯಾಕ್ಟರ್, ಎಮ್ಮೆ, ಪೈಪ್‌ಲೈನ್ ಎಲ್ಲ ನನ್ನ ಟೇಬಲ್‌ಗೇ ಬರುತ್ತವೆ. ಅವುಗಳಲ್ಲಿ ನನಗೆ ಜಾಸ್ತಿ ತಲೆ ತಿಂದದ್ದು, ಜಾಸ್ತಿ ಕಲಿಸಿದ್ದು ಗೋದಾಮಿನ ಸಾಲ. ಜನವರಿಯಲ್ಲಿ ತೊಗರಿ ರಾಶಿಯಾಗುತ್ತದೆ. ಎಲ್ಲರ ಮಾಲೂ ಒಟ್ಟಿಗೇ ಎಪಿಎಂಸಿಗೆ ಬರುತ್ತದೆ, ರೇಟು ಇಳಿಯುತ್ತದೆ. ಅದರ ಹಿಂದೆಯೇ ನನ್ನ ಹತ್ತಿರ ಜನ ಬರುತ್ತಾರೆ. ಕೂರುವ ಮೊದಲೇ ಕೇಳುವ ಪ್ರಶ್ನೆ ಒಂದೇ: "ಸಾಹೇಬ್ರ, ಸಬ್ಸಿಡಿ ಎಷ್ಟ್ ಬರ್ತದ್ರಿ?"

ಎಷ್ಟು ಅನ್ನುವುದಕ್ಕೆ ಉತ್ತರ ಸುಲಭ. ಕೇಂದ್ರ ಸರ್ಕಾರದ ಕೃಷಿ ಮಾರುಕಟ್ಟೆ ಮೂಲಸೌಕರ್ಯ ಯೋಜನೆಯಲ್ಲಿ ನಮ್ಮಂಥ ಬಯಲು ಸೀಮೆಯ ಸಾಮಾನ್ಯ ವರ್ಗದವರಿಗೆ ಶೇಕಡಾ 25. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ರೈತ ಉತ್ಪಾದಕ ಕಂಪನಿಗಳಿಗೆ ಶೇಕಡಾ 33.33. ಯೋಜನೆ ಹೊಸದೇನಲ್ಲ. 2001ರಲ್ಲಿ ಗ್ರಾಮೀಣ ಭಂಡಾರಣ ಯೋಜನೆ ಅಂತ ಶುರುವಾಯಿತು. 2004ರಲ್ಲಿ ಗ್ರೇಡಿಂಗ್, ಮಾರುಕಟ್ಟೆ ಸೌಕರ್ಯಗಳಿಗೆ ಬೇರೆ ಯೋಜನೆ ಬಂತು. 2014ರಲ್ಲಿ ಎರಡನ್ನೂ ಕೂಡಿಸಿದರು. ಹಳಬರು ಈಗಲೂ "ಭಂಡಾರಣ" ಅಂತಲೇ ಕೇಳುತ್ತಾರೆ.

ಯಾರೂ ಕೇಳದ ಪ್ರಶ್ನೆ ಇನ್ನೊಂದಿದೆ. ಸಬ್ಸಿಡಿ ಯಾವಾಗ ಬರುತ್ತದೆ, ಬಂದದ್ದು ಎಲ್ಲಿ ಹೋಗಿ ಕೂರುತ್ತದೆ? ಸೋಲುವವರು ಸೋಲುವುದು ಇಲ್ಲೇ.

ಒಬ್ಬ ಗೌಡರ ಕಥೆ ಹೇಳುತ್ತೇನೆ. ಊರು ಹೇಳುವುದಿಲ್ಲ, ಮುದ್ದೇಬಿಹಾಳದ ಕಡೆಯವರು ಅಂದುಕೊಳ್ಳಿ. ನಲವತ್ತು ಲಕ್ಷದ ಗೋದಾಮು. ಮೂವತ್ತು ಲಕ್ಷ ಸಾಲ, ಹತ್ತು ಲಕ್ಷ ಅವರ ಕೈಯಿಂದ. ಶೇಕಡಾ 25ರ ಲೆಕ್ಕದಲ್ಲಿ ಸಬ್ಸಿಡಿಯೂ ಹತ್ತೇ ಲಕ್ಷ. ಈ ಎರಡು ಹತ್ತು ಲಕ್ಷಗಳು ಗೌಡರ ತಲೆಯಲ್ಲಿ ಒಂದೇ ಆಗಿಬಿಟ್ಟವು. ಕೈಯಲ್ಲಿ ಐದೇ ಲಕ್ಷ ಇತ್ತು. ಉಳಿದ ಐದನ್ನು ತಮ್ಮ ಮಾಲು ಮಾರಿಕೊಡುವ ಅಡತ್ಯಾರ (ದಲಾಲರ) ಹತ್ತಿರ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಯಂತೆ ಕೈಗಡ ತಂದರು. ಸಬ್ಸಿಡಿ ಬಂದ ಕೂಡಲೇ ತೀರಿಸುತ್ತೇನೆ ಅನ್ನುವ ಧೈರ್ಯ.

ಮೊದಲ ಕಂತಿನ ಸಾಲ ಕೊಟ್ಟೆವು. ಮುಂಗಡ ಸಬ್ಸಿಡಿಗೆ ನಬಾರ್ಡ್‌ಗೆ (ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು) ಕ್ಲೇಮ್ ಹಾಕಿದೆವು. ಕೆಲವು ತಿಂಗಳ ಮೇಲೆ ಅರ್ಧ ಸಬ್ಸಿಡಿ, ಅಂದರೆ ಐದು ಲಕ್ಷ ಬಂತು. ಗೌಡರು ಪಾಸ್‌ಬುಕ್ ಹಿಡಿದುಕೊಂಡು ಬಂದರು. "ರೊಕ್ಕ ಬಂದದಂತ ಮೆಸೇಜ್ ಹಾಕಿದ್ರಿ, ಖಾತೆದಾಗ ಏನೂ ಇಲ್ಲಲ್ರಿ?"

ಖಾತೆಯಲ್ಲಿ ಇರುವುದೇ ಇಲ್ಲ. ಈ ಹಣ ಸಾಲಗಾರನ ಹೆಸರಿನ ಸಬ್ಸಿಡಿ ರಿಸರ್ವ್ ಫಂಡ್ ಅನ್ನುವ ಬೇರೆ ಖಾತೆಯಲ್ಲಿ ಬ್ಯಾಂಕಿನಲ್ಲೇ ಇರುತ್ತದೆ. ಅದಕ್ಕೆ ಬ್ಯಾಂಕು ಬಡ್ಡಿ ಕೊಡುವುದಿಲ್ಲ. ಸಾಲದಲ್ಲಿ ಅಷ್ಟು ಮೊತ್ತಕ್ಕೆ ಬಡ್ಡಿ ಹಾಕುವುದೂ ಇಲ್ಲ. ಉಳಿದ ಅರ್ಧ ಬರುವುದು ಗೋದಾಮು ಮುಗಿದು, ಬ್ಯಾಂಕು, ನಬಾರ್ಡ್, ಮಾರುಕಟ್ಟೆ ಮತ್ತು ತಪಾಸಣಾ ನಿರ್ದೇಶನಾಲಯ ಸೇರಿ ಜಂಟಿ ತಪಾಸಣೆ ಮಾಡಿದ ಮೇಲೆ. ಅದೂ ಅದೇ ಖಾತೆಗೆ. ಕಂತು ಕಟ್ಟುತ್ತಾ ಹೋಗಿ, ಸಾಲದಲ್ಲಿ ಸಬ್ಸಿಡಿಯಷ್ಟು ಮಾತ್ರ ಉಳಿದಾಗ ಅದನ್ನು ಜಮಾ ಮಾಡಿ ಸಾಲ ಮುಗಿಸುತ್ತೇವೆ. ಸಬ್ಸಿಡಿಯ ಒಂದು ರೂಪಾಯಿಯನ್ನೂ ರೈತ ಕೈಯಲ್ಲಿ ಹಿಡಿಯುವುದಿಲ್ಲ.

ಈಗ ಗೌಡರ ಲೆಕ್ಕ ನೋಡಿ. ಬ್ಯಾಂಕಿನ ಬಡ್ಡಿ ಶೇಕಡಾ 10 ಅಂತ ಹಿಡಿದರೆ, ಬಂದ ಐದು ಲಕ್ಷದ ಮೇಲೆ ವರ್ಷಕ್ಕೆ ಉಳಿಯುವುದು ಐವತ್ತು ಸಾವಿರ. ಅಡತ್ಯಾರ ಐದು ಲಕ್ಷಕ್ಕೆ ಕಟ್ಟಬೇಕಾದ್ದು ತಿಂಗಳಿಗೆ ಹತ್ತು ಸಾವಿರ, ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಇಷ್ಟೇ ಆಗಿದ್ದರೆ ಬರೀ ರೊಕ್ಕದ ನಷ್ಟ ಅನ್ನಬಹುದಿತ್ತು. ಆದರೆ ನಮ್ಮ ಕಡೆ ಅಡತ್ಯಾರ ಕೈಗಡ ಅಂದರೆ ಮಾಲು ಅವರ ಅಂಗಡಿಗೇ ಹೋಗಬೇಕು, ಅವರು ಕರೆದಾಗಲೇ ಹೋಗಬೇಕು. ಗೌಡರು ಗೋದಾಮು ಕಟ್ಟಲು ಹೊರಟಿದ್ದೇ ತೊಗರಿಯನ್ನು ನಾಲ್ಕು ತಿಂಗಳು ಹಿಡಿದಿಟ್ಟು ಮಾರೋಣ ಅಂತ. ಆ ವರ್ಷ ಗೋದಾಮು ಸಿದ್ಧವಾಗಿತ್ತು, ತೊಗರಿ ಮಾತ್ರ ರಾಶಿಯಾದ ವಾರದಲ್ಲೇ ಅಡತ್ಯಾರ ಅಂಗಡಿ ಸೇರಿತು.

ಮನೆಯಲ್ಲಿದ್ದ ಬಂಗಾರದ ಮೇಲೆ ಕೃಷಿ ಸಾಲ ಕೊಟ್ಟು ಆ ಕೈಗಡ ತೀರಿಸಿದೆವು. ಗೌಡತಿಯವರು ಶಾಖೆಗೆ ಬಂದು ಸಹಿ ಮಾಡುವಾಗ ನನ್ನನ್ನು ನೋಡಿದ ನೋಟ ಬೇರೆಯೇ ಇತ್ತು. ಅದು ಇರಲಿ.

ಆಮೇಲಿಂದ ನಾನು ಎರಡು ಹಾಳೆ ಲೆಕ್ಕ ಕೇಳುತ್ತೇನೆ. ಒಂದರಲ್ಲಿ ಸಬ್ಸಿಡಿ ಬಂದರೆ ಹೇಗೆ, ಇನ್ನೊಂದರಲ್ಲಿ ಸಬ್ಸಿಡಿ ಸೊನ್ನೆಯಾದರೆ ಹೇಗೆ. ಎರಡನೆಯ ಹಾಳೆಯಲ್ಲಿ ಕಂತು ಕಟ್ಟಲು ಆಗದಿದ್ದರೆ ಗೋದಾಮಿನ ಅಳತೆ ಕಡಿಮೆ ಮಾಡಿ ಅನ್ನುತ್ತೇನೆ. ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವವರಿಗೆ ಇದು ಇಷ್ಟ ಆಗುವುದಿಲ್ಲ. ಅವರ ಫೀಸು ಪ್ರಾಜೆಕ್ಟಿನ ಮೊತ್ತದ ಮೇಲೆ ನಿಂತಿರುತ್ತದೆ, ಅಲ್ವಾ?

ರಿಪೋರ್ಟ್ ಬಗ್ಗೆ ಹೇಳಬೇಕಾದ್ದು ಇನ್ನೂ ಇದೆ. ಸುಮ್ನೆ ಖರ್ಚು ಉಬ್ಬಿಸಿದರೆ ಸಬ್ಸಿಡಿ ಉಬ್ಬುವುದಿಲ್ಲ. ಬ್ಯಾಂಕು ಒಪ್ಪಿದ ಖರ್ಚು, ನಿಜವಾಗಿ ಆದ ಖರ್ಚು, ಟನ್ನಿಗೆ ಇಷ್ಟು ಅಂತ ಯೋಜನೆ ಹಾಕಿದ ಮಿತಿ, ಇವುಗಳಲ್ಲಿ ಯಾವುದು ಕಡಿಮೆಯೋ ಅದರ ಮೇಲೆ ಲೆಕ್ಕ. ಟನ್ನು ಎಣಿಸುವುದಕ್ಕೂ ಸೂತ್ರ ಇದೆ. ಒಂದು ಘನ ಮೀಟರಿಗೆ 0.4 ಟನ್. ಒಳಗಿನ ಅಳತೆ 20 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಎತ್ತರ ಇದ್ದರೆ ಸಾವಿರ ಘನ ಮೀಟರ್, ಅಂದರೆ 400 ಟನ್. ಗೌಂಡಿಗಳು ಹೊರಗಿನಿಂದ ಫೂಟಿನಲ್ಲಿ ಅಳೆಯುತ್ತಾರೆ, ತಪಾಸಣೆಗೆ ಬಂದವರು ಒಳಗಿನಿಂದ ಮೀಟರಿನಲ್ಲಿ ಅಳೆಯುತ್ತಾರೆ. ಗೋಡೆ ದಪ್ಪ ಇದ್ದಷ್ಟೂ ಟನ್ನು ಕರಗುತ್ತದೆ. ಅರ್ಜಿಯಲ್ಲಿ ಬರೆದದ್ದಕ್ಕಿಂತ ಕಡಿಮೆ ಬಂದರೆ ಸಬ್ಸಿಡಿಯೂ ಅಷ್ಟು ಇಳಿಯುತ್ತದೆ.

ಕಟ್ಟಡದ ಮಾತಿಗೆ ಬಂದರೆ ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೇಲೆ ಮೇಲೆ ಪಾಯ ಹಾಕಿದ ಗೋಡೆ ಎರಡನೇ ವರ್ಷಕ್ಕೇ ಸೀಳುತ್ತದೆ. ನೆಲದ ಕಾಂಕ್ರೀಟ್ ಎದ್ದು ನಿಲ್ಲುತ್ತದೆ. ಗರಸು, ಅಂದರೆ ಗಟ್ಟಿ ಕಲ್ಲುಮಿಶ್ರಿತ ಮಣ್ಣು, ಸಿಗುವವರೆಗೆ ತೋಡಬೇಕು, ನೆಲದಡಿಯ ಎರೆ ತೆಗೆದು ಗರಸು ತುಂಬಿ ಗಟ್ಟಿ ಮಾಡಬೇಕು. ಈ ಖರ್ಚು ಎಷ್ಟೋ ರಿಪೋರ್ಟುಗಳಲ್ಲಿ ಇರುವುದೇ ಇಲ್ಲ. ಯಾಕೆಂದರೆ ಆ ರಿಪೋರ್ಟು ಬೇರೆ ಕಡೆಯ ಕೆಂಪು ನೆಲದ ಗೋದಾಮಿಗೆ ಬರೆದದ್ದು, ಹೆಸರು ಬದಲಿಸಿ ಇಲ್ಲಿ ತಂದಿರುತ್ತಾರೆ. ಗುಂಡಿ ತೋಡಿ ಮಣ್ಣು ನೋಡದೆ ನಾನು ಈಗ ಎಸ್ಟಿಮೇಟ್ ಒಪ್ಪುವುದಿಲ್ಲ. ನಮ್ಮ ಹಿರಿಯರು ಜೋಳ ಇಡಲು ಹಗೇವು (ನೆಲದೊಳಗಿನ ಕಣಜ) ತೆಗೆಯುವಾಗಲೂ ಊರೊಳಗೆ ಗಟ್ಟಿ ನೆಲ ಹುಡುಕಿಯೇ ತೆಗೆಯುತ್ತಿದ್ದರು, ಎರೆ ಹೊಲದ ನಡುವೆ ಅಲ್ಲ.

ರಸ್ತೆಯದ್ದೂ ಇದೇ ಕಥೆ. ಹೊಲದ ನಡುವೆ ಗೋದಾಮು, ಡಾಂಬರು ರಸ್ತೆ ಅರ್ಧ ಕಿಲೋಮೀಟರ್ ದೂರ, ನಡುವೆ ಎರೆ ದಾರಿ. ಬೇಸಿಗೆಯಲ್ಲಿ ಸೈಟ್ ನೋಡಿದರೆ ಎಲ್ಲ ಚೆಂದ. ಜುಲೈನಲ್ಲಿ ರೇಟು ಏರಿದಾಗ ಲಾರಿ ಒಳಗೆ ಹೋಗುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಚೀಲ ಹೇರಿ ರಸ್ತೆಗೆ ತಂದು ಮತ್ತೆ ಲಾರಿಗೆ ತುಂಬಿದರೆ ಹಮಾಲಿ ಎರಡು ಸಲ.

ಕಾಗದದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಉತಾರದಲ್ಲಿ (ಪಹಣಿಯಲ್ಲಿ) ಅಣ್ಣತಮ್ಮಂದಿರ ಹೆಸರು ಒಟ್ಟಿಗೆ ಇದ್ದರೆ ಮೊದಲು ವಾಟಣಿ, ಅಂದರೆ ಪಾಲು, ಮಾಡಿಕೊಳ್ಳಿ, ಇಲ್ಲವೇ ಎಲ್ಲರೂ ಅಡಮಾನಕ್ಕೆ ಸಹಿ ಹಾಕಲು ಬರಬೇಕು. ಬಾಡಿಗೆಗೆ ಕೊಡುವ ಗೋದಾಮಾದರೆ ಜಾಗಕ್ಕೆ ಎನ್‌ಎ (ಕೃಷಿಯೇತರ ಬಳಕೆ) ಆದೇಶ ಬೇಕು. ಸಾಲ ಮಂಜೂರಾಗುವ ಮೊದಲೇ ಸ್ವಂತ ರೊಕ್ಕದಲ್ಲಿ ಗೋಡೆ ಎಬ್ಬಿಸಿ ಬಂದರೆ ನಾನು ಏನೂ ಮಾಡಲಾರೆ, ಇದು ಸಾಲಕ್ಕೆ ಗಂಟು ಬಿದ್ದ ಸಬ್ಸಿಡಿ. ಒಳ್ಳೆಯ ಮುಹೂರ್ತ ಇತ್ತು ಅಂತ ಪಾಯ ಹಾಕಿ ಬಂದವರನ್ನೂ ನೋಡಿದ್ದೇನೆ. ಪೂಜೆ ಮಾಡಿ, ಗುದ್ದಲಿ ಹಾಕಿ, ಅಲ್ಲಿಗೇ ನಿಲ್ಲಿಸಿ.

ಶೇಕಡಾ 33.33 ಸಿಗಲಿ ಅಂತ ಹೆಂಡತಿ ಹೆಸರಲ್ಲಿ ಹಾಕೋಣ ಅನ್ನುವವರು ತುಂಬಾ. ಹಾಕಿ, ಒಳ್ಳೆಯದೇ. ಆದರೆ ಅರ್ಜಿಯ ಮೇಲೆ ಬರೀ ಹೆಸರು ಸಾಲದು. ಜಾಗ ಅವರ ಹೆಸರಿಗೆ ಇರಬೇಕು, ಇಲ್ಲವೇ ನೋಂದಣಿಯಾದ ಲೀಸ್ ಇರಬೇಕು. ಸಾಲಗಾರರೂ ಅವರೇ. ಹಾಗಾಗಿ ನಾನು ಸೈಟಿಗೆ ಹೋದಾಗ ಅಕ್ಕಾರನ್ನು ಕರೆಯಿರಿ ಅನ್ನುತ್ತೇನೆ, ಅವರ ಜೊತೆಯೇ ಲೆಕ್ಕ ಮಾತಾಡುತ್ತೇನೆ. ನನ್ನ ಅನುಭವದಲ್ಲಿ ಹಾಗೆ ಮಾತಾಡಿದ ಸಾಲಗಳು ಚೆನ್ನಾಗಿ ನಡೆದಿವೆ. ಅವರು ಕೇಳುವ ಮೊದಲ ಪ್ರಶ್ನೆಯೇ "ಕಂತು ಎಷ್ಟ್ರಿ?"

ಸಬ್ಸಿಡಿಗಿಂತ ನಿಜವಾಗಿ ಕೈಗೆ ತಾಗುವ ಅನುಕೂಲ ಬೇರೆ ಇದೆ, ಅದನ್ನು ಕೇಳುವವರು ಕಡಿಮೆ. 2020ರಲ್ಲಿ ಬಂದ ಕೃಷಿ ಮೂಲಸೌಕರ್ಯ ನಿಧಿಯಲ್ಲಿ ಎರಡು ಕೋಟಿವರೆಗಿನ ಸಾಲಕ್ಕೆ ಶೇಕಡಾ 3 ಬಡ್ಡಿ ಸಹಾಯ ಏಳು ವರ್ಷದವರೆಗೆ ಇದೆ. ಬ್ಯಾಂಕಿನ ಬಡ್ಡಿಯೂ ಶೇಕಡಾ 9 ದಾಟುವ ಹಾಗಿಲ್ಲ. ಮೂವತ್ತು ಲಕ್ಷಕ್ಕೆ ಮೊದಲ ವರ್ಷವೇ ಸುಮಾರು ತೊಂಬತ್ತು ಸಾವಿರ ಉಳಿಯುತ್ತದೆ. ಸಬ್ಸಿಡಿ ಯೋಜನೆಯ ಜೊತೆಗೇ ಇದನ್ನೂ ಪಡೆಯಬಹುದು. ಎರಡಕ್ಕೂ ಬೇರೆ ಬೇರೆ ಪೋರ್ಟಲ್, ಬೇರೆ ಬೇರೆ ಅರ್ಜಿ. ಮೊದಲೇ ಹೇಳಿದರೆ ಮಂಜೂರಾತಿ ಪತ್ರದಲ್ಲೇ ಎರಡನ್ನೂ ಬರೆದುಬಿಡುತ್ತೇವೆ.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಒಂದು ಮಾತು. ಒಣದ್ರಾಕ್ಷಿಯನ್ನು ಮಹಾರಾಷ್ಟ್ರದ ತಾಸಗಾಂವ, ಸಾಂಗ್ಲಿಯ ಕೋಲ್ಡ್ ಸ್ಟೋರೇಜಿಗೆ ಸಾಗಿಸಿ ಬಾಡಿಗೆ ಕೊಟ್ಟು ಇಡುವ ಬದಲು ಇಲ್ಲೇ ಕಟ್ಟೋಣ ಅನ್ನುವುದು ನ್ಯಾಯವಾದ ಆಸೆ. ಆದರೆ ಕೋಲ್ಡ್ ಸ್ಟೋರೇಜಿಗೆ ದಾರಿ ತೋಟಗಾರಿಕೆಯ ಯೋಜನೆಗಳು. ಅಲ್ಲಿ ಶೇಕಡಾ 35, ಅದೂ ಸಾಲದ ಜೊತೆಗೇ, ಅದೂ ಕೊನೆಗೆ ಸಾಲಕ್ಕೇ ಜಮಾ ಆಗುವಂಥದ್ದು. ಒಣದ್ರಾಕ್ಷಿ ತೊಳೆದು ಗ್ರೇಡ್ ಮಾಡುವ ಸಣ್ಣ ಘಟಕ ಸಾಕು ಅಂದರೆ ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ನೋಡಿ. ಕೇಂದ್ರದ ಶೇಕಡಾ 35ಕ್ಕೆ ನಮ್ಮ ರಾಜ್ಯ ಇನ್ನೂ 15 ಸೇರಿಸುತ್ತದೆ, ಮಿತಿ ಹದಿನೈದು ಲಕ್ಷ. ಕೋಲ್ಡ್ ಸ್ಟೋರೇಜಿನಲ್ಲಿ ಕರೆಂಟ್ ಬಿಲ್ಲು ಎಲ್ಲವನ್ನೂ ತಿನ್ನುತ್ತದೆ. ಹತ್ತು ಜನ ಬೆಳೆಗಾರರು ಕೂಡಿ ಮಾಲು ಇಡುತ್ತೇವೆ ಅಂತ ಬರೆದುಕೊಡದಿದ್ದರೆ ನಾನಂತೂ ಕೈ ಹಾಕಬೇಡಿ ಅನ್ನುತ್ತೇನೆ.

ಒಣ ಗೋದಾಮಿಗೂ ಇದೇ ಪ್ರಶ್ನೆ: ಒಳಗೆ ಏನು ತುಂಬುತ್ತೀರಿ, ಯಾವ ತಿಂಗಳು? ತೊಗರಿ ಜನವರಿಯಿಂದ, ಕಡಲೆ, ಬಿಳಿ ಜೋಳ ಅದರ ಹಿಂದೆ. ಜೂನ್ ಹೊತ್ತಿಗೆ ಖಾಲಿಯಾಗಲು ಶುರು. ಮುಂಗಾರಿನಲ್ಲಿ ಗೊಬ್ಬರದ ಅಂಗಡಿಯವರು ಬಾಡಿಗೆಗೆ ಕೇಳುತ್ತಾರೆ, ಆದರೆ ಯೂರಿಯಾ ಇಟ್ಟ ಜಾಗದಲ್ಲಿ ಕಾಳು ಇಡಲು ಆಗುವುದಿಲ್ಲ. ನಡುವೆ ಗೋಡೆ, ಬೇರೆ ಬಾಗಿಲು ಇರುವಂತೆ ನಕ್ಷೆಯಲ್ಲೇ ಬರೆಸಿ. ನಾನು ಲೆಕ್ಕ ಹಾಕುವಾಗ ವರ್ಷಕ್ಕೆ ಏಳು ತಿಂಗಳ ಬಾಡಿಗೆ ಮಾತ್ರ ಹಿಡಿಯುತ್ತೇನೆ. ರಿಪೋರ್ಟಿನವರು ಹನ್ನೆರಡೂ ಹಿಡಿದಿರುತ್ತಾರೆ.

ಇಟ್ಟ ಮಾಲಿನ ಮೇಲೆ ಸಾಲ ಬೇಕೆಂದರೆ ಇನ್ನೊಂದು ಮೆಟ್ಟಿಲು. 2007ರ ಉಗ್ರಾಣ ಕಾಯ್ದೆಯಡಿ ನೋಂದಾಯಿಸಿದ ಗೋದಾಮಾದರೆ ಎಲೆಕ್ಟ್ರಾನಿಕ್ ರಸೀದಿ ಕೊಡಬಹುದು. ಆ ರಸೀದಿಯನ್ನೇ ಅಡವಿಟ್ಟು ರೈತ ಬ್ಯಾಂಕಿನಲ್ಲಿ ಸಾಲ ತೆಗೆಯಬಹುದು, ಮಾಲು ಮಾರುವ ಅವಸರ ಇರುವುದಿಲ್ಲ. ಅದಕ್ಕೆ ತೂಕದ ಕಾಟಾ, ತೇವ ನೋಡುವ ಮಷೀನು, ವಿಮೆ, ಹುಳ ಬೀಳದಂತೆ ಔಷಧಿ ಹೊಗೆ ಹಾಕಿಸಿದ ದಾಖಲೆ ಎಲ್ಲ ಬೇಕು. ಊರಿನ ನಾಲ್ಕು ಜನರ ತೊಗರಿ ಇಟ್ಟುಕೊಳ್ಳುವವರಿಗೆ ಇದು ಭಾರ ಅನಿಸಬಹುದು. ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ನಡೆಸುವವರು ಮಾತ್ರ ಮೊದಲ ದಿನದಿಂದಲೇ ಇದಕ್ಕೆ ತಯಾರಾಗಬೇಕು.

ಗೌಡರು ಈಗ ಸಲೀಸಾಗಿದ್ದಾರೆ. ಕಳೆದ ಸಲ ಬಂದಾಗ ತಮ್ಮನ ಮಗನನ್ನು ಕರೆತಂದಿದ್ದರು, ಅವನಿಗೂ ಗೋದಾಮು ಬೇಕಂತೆ. ಹುಡುಗ ಬಾಯಿ ತೆರೆದು "ಸಾಹೇಬ್ರ, ಸಬ್ಸಿಡಿ..." ಅನ್ನುತ್ತಿದ್ದಂತೆ ಗೌಡರೇ ತಡೆದರು: "ಅದ್ನ ಬಿಡೋ. ಮೊದ್ಲ ನಿನ್ನ ಹತ್ರ ರೊಕ್ಕ ಎಷ್ಟದ ಹೇಳು." ಹುಡುಗನ ಹತ್ತಿರ ಆರು ಲಕ್ಷ ಇತ್ತು. ಇಪ್ಪತ್ನಾಲ್ಕು ಲಕ್ಷದ ಗೋದಾಮಿಗೆ ಅರ್ಜಿ ಬರೆಸಿದೆ.